ಕುರಿಗೆ ಹಾಕೋ ಐವರ್‌ಮೆಕ್ಟಿನ್ ನಮ್ಮ ಕಜ್ಜಿಗೂ ಆಗುತ್ತಾ?

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯವರು, ಕುರಿ ಸಾಕುತ್ತೇವೆ. ಏಳನೇ ಕ್ಲಾಸಿನ ಮಗಳು ಹಾಸ್ಟೆಲ್‌ನಿಂದ ರಜೆಗೆ ಬಂದಾಗ ಬೆರಳ ಸಂದಿಯಲ್ಲಿ ತುರಿಕೆ ಇತ್ತು. ಈಗ ಮನೆಯ ಆರೂ ಜನ ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದೇವೆ. ಡಾಕ್ಟರು ಕಜ್ಜಿ ಎಂದರು. ನನಗೆ, ತಮ್ಮನಿಗೆ, ಅಮ್ಮನಿಗೆ ಐವರ್‌ಮೆಕ್ಟಿನ್ 12 ಮಿಲಿಗ್ರಾಂ ಮಾತ್ರೆ, ಮಗಳಿಗೆ 6 ಮಿಲಿಗ್ರಾಂ ಬರೆದರು. ವಾರ ಬಿಟ್ಟು ಇನ್ನೊಂದು ಸಲ ತಗೊಳ್ಳಬೇಕಂತೆ. ನಾಲ್ಕು ತಿಂಗಳ ಬಸುರಿ ಹೆಂಡತಿಗೆ ಮತ್ತು 13 ಕೆಜಿ ತೂಗುವ ಮೂರು ವರ್ಷದ ಮಗನಿಗೆ ಮುಲಾಮು ಮಾತ್ರ. ನಮ್ಮ ತಮ್ಮ, 'ಕುರಿಗೆ ಹಾಕೋದೂ ಇದೇ ಔಷಧಿ, ಬಾಟಲಿ ಮನೇಲೇ ಐತಲ್ಲ, ಅದನ್ನೇ ಎಲ್ಲರೂ ತಗೊಂಡ್ರಾಯ್ತು' ಎನ್ನುತ್ತಾನೆ. ಪಕ್ಕದ ಮನೆಯವರು ಈ ಮಾತ್ರೆ ಲಿವರ್ ಹಾಳು ಮಾಡುತ್ತೆ ಎನ್ನುತ್ತಾರೆ. ಮೊಬೈಲಿಗೆ ಬಂದ ಒಂದು ವಿಡಿಯೊ, ತಿಂಗಳಿಗೊಂದು ತಗೊಂಡರೆ ಕೊರೊನಾ, ಕ್ಯಾನ್ಸರ್ ಹತ್ತಿರ ಸುಳಿಯಲ್ಲ ಎನ್ನುತ್ತದೆ. ಯಾರನ್ನು ನಂಬಬೇಕು? ಕಜ್ಜಿ ಕುರಿಯಿಂದಲೇ ಬಂತಾ? ಮಗಳನ್ನು ಹಾಸ್ಟೆಲ್‌ಗೆ ಯಾವಾಗ ಕಳಿಸಬಹುದು?

ಉತ್ತರ: ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಔಷಧಿ ಒಂದೇ. ಐವರ್‌ಮೆಕ್ಟಿನ್ ಮೊದಲು ಬಂದದ್ದೇ ದನ, ಕುರಿ, ಕುದುರೆಗಳಿಗೆ, 1981ರಲ್ಲಿ. ಮನುಷ್ಯರಿಗೆ ಬಂದದ್ದು 1987ರಲ್ಲಿ. ಜಪಾನಿನ ಸತೋಶಿ ಒಮುರಾ ಅವರು ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ಹೆಕ್ಕಿದ ಸೂಕ್ಷ್ಮಜೀವಿ ಇದರ ಮೂಲ. ಅದರಲ್ಲಿ ಹುಳ ಕೊಲ್ಲುವ ಅಂಶ ಇದೆ ಎಂದು ಅಮೆರಿಕದಲ್ಲಿ ವಿಲಿಯಂ ಕ್ಯಾಂಬೆಲ್ ಕಂಡುಕೊಂಡರು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಆಫ್ರಿಕಾದಲ್ಲಿ ಹೊಳೆ ದಂಡೆಯ ನೊಣ ಕಚ್ಚಿ, ಹುಳ ಮೈಸೇರಿ, ಕಣ್ಣು ಕಳೆದುಕೊಳ್ಳುತ್ತಿದ್ದ ಜನ ಲೆಕ್ಕವಿಲ್ಲದಷ್ಟು ಇದ್ದರು. ಅಂಥವರಿಗೆ ಈ ಮಾತ್ರೆ ಪುಕ್ಕಟೆ ಹಂಚಿದ್ದರಿಂದಲೇ ಅದು ಹೆಸರು ಮಾಡಿದ್ದು. ಹಾಗಾಗಿ 'ಪ್ರಾಣಿ ಔಷಧಿ ಕೊಟ್ಟುಬಿಟ್ಟರು' ಎಂದು ಡಾಕ್ಟರ ಮೇಲೆ ಅನುಮಾನ ಬೇಡ.

ಸುಳ್ಳಿನ ಅರ್ಧ ಇರುವುದು ಬಾಟಲಿಯಲ್ಲಿ. ಅದಕ್ಕೆ ಬರುವ ಮುಂಚೆ ಈ ಔಷಧಿ ಹುಳ ಕೊಂದು ನಮ್ಮನ್ನು ಹೇಗೆ ಬಿಡುತ್ತದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಅದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಜಂತು, ಹೇನು, ಕಜ್ಜಿ ಹುಳಗಳ ನರ ಮತ್ತು ಸ್ನಾಯುಗಳಲ್ಲಿ ಒಂದು ಬಗೆಯ ಬಾಗಿಲುಗಳಿವೆ. ಐವರ್‌ಮೆಕ್ಟಿನ್ ಅಲ್ಲಿ ಹೋಗಿ ಕೂತು ಆ ಬಾಗಿಲು ಮುಚ್ಚದಂತೆ ಮಾಡುತ್ತದೆ. ಹುಳಕ್ಕೆ ಲಕವಾ ಹೊಡೆದಂತಾಗಿ ಸಾಯುತ್ತದೆ. ನಮ್ಮಲ್ಲಿ ಅದೇ ಬಾಗಿಲುಗಳಿಲ್ಲ. ಆದರೆ ಅವುಗಳನ್ನು ಹೋಲುವಂಥವು ಮಿದುಳಿನಲ್ಲಿವೆ. ಔಷಧಿ ಅಲ್ಲಿಗೆ ಜಾಸ್ತಿ ಪ್ರಮಾಣದಲ್ಲಿ ನುಗ್ಗಿದರೆ ನಮಗೂ ಮಂಪರು, ತೂರಾಟ, ಫಿಟ್ಸ್ ಬರುತ್ತದೆ. ಯಾಕೆ ನುಗ್ಗುವುದಿಲ್ಲ ಅಂದರೆ, ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಒಂದು ಪ್ರೋಟೀನು ಹೊಲ ಕಾಯುವವನ ಹಾಗೆ ನಿಂತಿರುತ್ತದೆ. ಒಳಗೆ ಕಾಲಿಟ್ಟ ಐವರ್‌ಮೆಕ್ಟಿನ್ನನ್ನು ಹಿಡಿದು ಆಚೆ ಹಾಕುತ್ತಿರುತ್ತದೆ. ಸರಿಯಾದ ಡೋಸ್ ಇದ್ದಾಗ ಅದಕ್ಕೆ ಈ ಕೆಲಸ ಏನೂ ಕಷ್ಟವಲ್ಲ. ಹತ್ತಾರು ಪಟ್ಟು ಒಟ್ಟಿಗೆ ನುಗ್ಗಿದರೆ ಅದರ ಕೈಲೂ ಆಗುವುದಿಲ್ಲ. ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಹುಟ್ಟಿನಿಂದಲೇ ಈ ಪ್ರೋಟೀನು ಕೆಟ್ಟಿರುತ್ತದೆ. ಕುರಿಗೆ ಏನೂ ಮಾಡದ ಡೋಸು ಅಂಥ ನಾಯಿಯನ್ನು ಕೊಂದೇಬಿಡಬಹುದು.

ಈಗ ಬಾಟಲಿ ಕೈಗೆತ್ತಿಕೊಳ್ಳಿ. ಲೇಬಲ್ ನೋಡಿ. ಕುರಿ, ದನಕ್ಕೆ ಚರ್ಮದಡಿ ಕೊಡುವ ಇಂಜೆಕ್ಷನ್ ಆದರೆ ಸಾಮಾನ್ಯವಾಗಿ ಶೇ 1ರದ್ದು ಇರುತ್ತದೆ. ಅಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಔಷಧಿ. ಅಡುಗೆ ಮನೆಯ ಒಂದು ಟೀ ಚಮಚ ಅಂದರೆ ಸುಮಾರು 5 ಎಂಎಲ್, ಅದರಲ್ಲಿ 50 ಮಿಲಿಗ್ರಾಂ. ನಿಮ್ಮ ಮಗನ ತೂಕದ ಲೆಕ್ಕಕ್ಕೆ 3 ಮಿಲಿಗ್ರಾಂ ಕೂಡ ಆಗುವುದಿಲ್ಲ. ಆ ಒಂದು ಚಮಚ ಅವನಿಗೆ ಸುಮಾರು 19 ಪಟ್ಟು ಆಯಿತು. 'ಒಂಚೂರು ಕುಡಿಸಿದ್ವಿ ಅಷ್ಟೇ' ಅನ್ನುವ ಮಾತಿಗೆ ನಾನು ಬೆಚ್ಚುವುದು ಇದಕ್ಕೇ.

ಬರೀ ಪ್ರಮಾಣದ ಮಾತಲ್ಲ. ಐವರ್‌ಮೆಕ್ಟಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೇ ಇಂಜೆಕ್ಷನ್‌ನಲ್ಲಿ ಬೇರೆ ದ್ರಾವಕಗಳನ್ನು ಸೇರಿಸಿರುತ್ತಾರೆ. ಅವು ಕುರಿಯ ಚರ್ಮದಡಿಗೆ ಹೋಗಲು ಆರಿಸಿದವು, ಮಗುವಿನ ಹೊಟ್ಟೆಗೆ ಹೋಗಲಿಕ್ಕಲ್ಲ. ಬೆನ್ನ ಮೇಲೆ ಸುರಿಯುವ ಬಾಟಲಿಯೂ ಸಿಗುತ್ತದೆ. 'ಕುಡಿಯಲ್ಲ, ಸುಮ್ನೆ ಮೈಗೆ ಹಚ್ಕೋತೀವಿ' ಎಂದು ಅದನ್ನು ಬಳಸುವವರಿದ್ದಾರೆ. ಅದನ್ನು ತಯಾರಿಸಿರುವುದೇ ಚರ್ಮದ ಮೂಲಕ ರಕ್ತಕ್ಕೆ ಇಳಿಯಲಿ ಎಂದು. ಕೆರೆದು ಕೆರೆದು ಹುಣ್ಣಾದ ಮೈಯಲ್ಲಿ ಎಷ್ಟು ಇಳಿಯಿತು ಎಂದು ಯಾರು ಅಳೆಯುತ್ತಾರೆ? ಲೇಬಲ್ಲಿನ ಮೂಲೆಯಲ್ಲಿ ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂದು ಅಚ್ಚು ಹಾಕಿರುತ್ತಾರೆ. ಅಕ್ಷರ ಸಣ್ಣದಿರಬಹುದು, ಮಾತು ಸಣ್ಣದಲ್ಲ.

ಈಗಾಗಲೇ ಯಾರಾದರೂ ಕುಡಿದಿದ್ದರೆ, ವಾಂತಿ, ಭೇದಿ, ತಲೆಸುತ್ತು, ಕಣ್ಣು ಮಂಜು, ನಡಿಗೆಯಲ್ಲಿ ತೂರಾಟ, ಅತಿಯಾದ ನಿದ್ದೆ ಬರಲಿ ಎಂದು ಕಾಯಬೇಡಿ. ಬಾಟಲಿ ಸಮೇತ ಹತ್ತಿರದ ಆಸ್ಪತ್ರೆಗೆ ಹೋಗಿ. ಬಾಟಲಿ ಯಾಕೆಂದರೆ, ಎಷ್ಟು ಶೇಕಡಾದ್ದು ಎನ್ನುವುದು ಡಾಕ್ಟರಿಗೆ ಮೊದಲು ಬೇಕಾದ ಮಾಹಿತಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

ಇನ್ನು ಮಾತ್ರೆಗೆ ಬರೋಣ. ಒಂದೇ ಕಾಯಿಲೆಗೆ ನಿಮಗೆ 12, ಮಗಳಿಗೆ 6 ಯಾಕೆ? ಇದು ವಯಸ್ಸಿನ ಲೆಕ್ಕವಲ್ಲ, ತೂಕದ ಲೆಕ್ಕ. ಒಂದು ಕೆಜಿ ತೂಕಕ್ಕೆ 0.2 ಮಿಲಿಗ್ರಾಂ. 60 ಕೆಜಿಯವರಿಗೆ 12, 30 ಕೆಜಿಯ ಹುಡುಗಿಗೆ 6. ಅದಕ್ಕೇ ಚೀಟಿ ಬರೆಯುವ ಮುಂಚೆ ತೂಕ ನೋಡುವುದು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಅಷ್ಟೇ ಮಾತ್ರೆ ತರುವುದು ಬೇಡ.

ವಾರ ಬಿಟ್ಟು ಎರಡನೇ ಸಲ ಯಾಕೆ ಅನ್ನುವುದಕ್ಕೆ ಹುಳದ ಸಂಸಾರ ನೋಡಬೇಕು. ಕಜ್ಜಿ ಹುಳ ನಮ್ಮ ತೆಂಗಿಗೆ ಬರುವ ನುಸಿಯ ಬಳಗದ್ದು. ಎಂಟು ಕಾಲಿನ ಜೀವಿ, ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೆಣ್ಣು ಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತ ಹೋಗುತ್ತದೆ, ಹೋದಲ್ಲೆಲ್ಲ ಮೊಟ್ಟೆ ಇಡುತ್ತದೆ. ಒಳ್ಳೆ ಬೆಳಕಿನಲ್ಲಿ ಮಗಳ ಬೆರಳ ಸಂದಿ, ಮಣಿಕಟ್ಟಿನ ಒಳಬದಿ ನೋಡಿ. ಬೂದು ಬಣ್ಣದ, ದಾರದೆಳೆಯಂಥ ಅಂಕುಡೊಂಕು ಗೆರೆ, ಅರ್ಧ ಸೆಂಟಿಮೀಟರ್‌ನಷ್ಟು ಉದ್ದ, ಒಂದು ತುದಿಯಲ್ಲಿ ಸಣ್ಣ ಚುಕ್ಕೆ. ಹುಳ ಇರುವುದು ಆ ಚುಕ್ಕೆಯಲ್ಲಿ. ಗೆರೆ ಕಾಣದಿದ್ದರೆ ಶಾಯಿ ಪೆನ್ನಿನ ಮಸಿ ಹಚ್ಚಿ ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇವೆ. ಮೇಲಿನ ಮಸಿ ಹೋಗುತ್ತದೆ, ಸುರಂಗಕ್ಕೆ ಇಳಿದ ಮಸಿ ನೀಲಿ ಗೆರೆಯಾಗಿ ಉಳಿಯುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಆಮೇಲೆ ಔಷಧಿ ಹಚ್ಚಿಸಿಕೊಳ್ಳಲು ತಕರಾರೇ ಮಾಡುವುದಿಲ್ಲ.

ಐವರ್‌ಮೆಕ್ಟಿನ್ ಓಡಾಡುವ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಅಷ್ಟರಲ್ಲಿ ಮೈಯಲ್ಲಿದ್ದ ಔಷಧಿ ಖಾಲಿಯಾಗಿರುತ್ತದೆ. ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಹೊತ್ತಿಗೆ ಮುಂಚೆ, ಅಂದರೆ ಒಂದರಿಂದ ಎರಡು ವಾರದೊಳಗೆ, ಎರಡನೇ ಏಟು ಬೀಳಬೇಕು. ಮೊದಲ ಡೋಸಿಗೆ ತುರಿಕೆ ಕಡಿಮೆಯಾಯಿತು ಎಂದು ಎರಡನೆಯದನ್ನು ಬಿಟ್ಟವರು ತಿಂಗಳಲ್ಲಿ ಮತ್ತೆ ಬರುತ್ತಾರೆ. ಬಂದು, 'ನೀವು ಕೊಟ್ಟ ಮಾತ್ರೆ ಹತ್ತಲಿಲ್ಲ' ಎನ್ನುತ್ತಾರೆ.

ಮಾತ್ರೆಯನ್ನು ಊಟವಾದ ಮೇಲೆ ತಗೊಳ್ಳಿ. ಖಾಲಿ ಹೊಟ್ಟೆಗಿಂತ ಜಿಡ್ಡಿನ ಊಟದ ಜೊತೆ ಇದು ರಕ್ತಕ್ಕೆ ಎರಡೂವರೆ ಪಟ್ಟಿನಷ್ಟು ಜಾಸ್ತಿ ಸೇರುತ್ತದೆ. ಕಜ್ಜಿಗೆ ಔಷಧಿ ಚರ್ಮದವರೆಗೆ ತಲುಪಬೇಕಲ್ಲ. ಹೊಟ್ಟೆಯೊಳಗಿನ ಹುಳಕ್ಕೆ ಕೊಡುವಾಗ ಖಾಲಿ ಹೊಟ್ಟೆಗೆ ಹೇಳುವುದುಂಟು, ಅದಕ್ಕೇ ಬೇರೆಯವರಿಗೆ ಬೇರೆ ಥರ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿರಬಹುದು. ನಿಮ್ಮ ಡಾಕ್ಟರು ಏನು ಹೇಳಿದ್ದಾರೋ ಅದನ್ನು ಪಾಲಿಸಿ.

ಹೆಂಡತಿಗೆ, ಮಗನಿಗೆ ಮಾತ್ರೆ ಕೊಡದೆ ಮುಲಾಮು ಮಾತ್ರ ಕೊಟ್ಟದ್ದು ಸರಿಯಾಗೇ ಇದೆ. ಬಸುರಿಯರಿಗೆ ಐವರ್‌ಮೆಕ್ಟಿನ್ ಸುರಕ್ಷಿತ ಎಂದು ಧೈರ್ಯವಾಗಿ ಹೇಳುವಷ್ಟು ಆಧಾರ ಇಲ್ಲ, ಆದ್ದರಿಂದ ಕೊಡುವುದಿಲ್ಲ. 15 ಕೆಜಿಗಿಂತ ಕಡಿಮೆ ಇರುವ ಮಕ್ಕಳ ಮಾತೂ ಅದೇ. ಎಳೆ ಕೂಸಿಗೆ ಹಾಲುಣಿಸುವ ತಾಯಂದಿರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಇವರಿಗೆಲ್ಲ ಶೇ 5ರ ಪರ್ಮೆಥ್ರಿನ್ ಮುಲಾಮು ಒಳ್ಳೆಯದು. ಎರಡು ತಿಂಗಳು ದಾಟಿದ ಕೂಸಿಗೂ ಹಚ್ಚಬಹುದು. ಮಾತ್ರೆಗಿಂತ ಇದೇನೂ ಕಡಿಮೆಯದಲ್ಲ, ಹಚ್ಚುವ ರೀತಿ ಸರಿ ಇರಬೇಕು ಅಷ್ಟೇ.

ಎಷ್ಟೋ ಜನ ಎಡವುವುದು ಇಲ್ಲೇ. ತುರಿಸುವ ಕಡೆ ಮಾತ್ರ ಹಚ್ಚುತ್ತಾರೆ. ಇಡೀ ಮೈಗೆ ಹಚ್ಚಬೇಕು. ಸಂಜೆ ಸ್ನಾನ ಮಾಡಿ, ಮೈ ಪೂರ್ತಿ ಒಣಗಿ ಬಿಸಿ ಆರಿದ ಮೇಲೆ, ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ. ಬೆರಳ ಸಂದಿ, ಕಂಕುಳು, ಹೊಕ್ಕಳು, ಎದೆಯ ಕೆಳಗೆ, ತೊಡೆ ಸಂದಿ, ಗುಪ್ತಾಂಗ, ಕುಂಡಿಯ ಸೀಳು, ಕಾಲ್ಬೆರಳ ಸಂದಿ. ಉಡಿದಾರ, ತಾಯತ, ಶಿವದಾರ, ಬಳೆ, ಕಾಲುಂಗುರ ಇದ್ದರೆ ಸರಿಸಿ ಅದರ ಅಡಿಗೂ ಹಚ್ಚಿ. ಉಡಿದಾರದ ಗೆರೆಯಲ್ಲಿ ಹುಳಕ್ಕೆ ಆರಾಮದ ಜಾಗ. ಉಗುರು ಕತ್ತರಿಸಿ, ಉಗುರಡಿಗೆ ಹಳೆ ಟೂತ್‌ಬ್ರಷ್‌ನಿಂದ ಹಚ್ಚಿ, ಆಮೇಲೆ ಆ ಬ್ರಷ್ ಬಿಸಾಕಿ. ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಒಂದು ಟ್ಯೂಬನ್ನು ನಾಲ್ಕು ಜನ ಹಂಚಿಕೊಂಡರೆ ಯಾರಿಗೂ ಹತ್ತುವುದಿಲ್ಲ. ರಾತ್ರಿ ಪೂರ್ತಿ ಬಿಟ್ಟು, ಎಂಟು ಗಂಟೆಯಾದರೂ ಆದ ಮೇಲೆ ಬೆಳಿಗ್ಗೆ ತೊಳೆದುಕೊಳ್ಳಿ. ನಡುವೆ ಪಾತ್ರೆ ತೊಳೆದರೆ, ಊಟಕ್ಕೆ ಕೈ ತೊಳೆದರೆ, ಕೈಗೆ ಮತ್ತೆ ಹಚ್ಚಬೇಕು. ಅಡುಗೆ ಮಾಡುವ ಹೆಣ್ಣುಮಕ್ಕಳ ಕೈಯಲ್ಲಿ ಕಜ್ಜಿ ಉಳಿಯುವುದು ಇದರಿಂದಲೇ. ಮಗನಿಗೆ ಕಣ್ಣು, ಬಾಯಿಯ ಸುತ್ತ ಬಿಟ್ಟು ತಲೆ, ಕಿವಿಯ ಹಿಂದೆ, ಮುಖಕ್ಕೂ ತೆಳ್ಳಗೆ ಹಚ್ಚಿ. ಕೈ ಚೀಪದಂತೆ ಕಾಲುಚೀಲವನ್ನೇ ಕೈಗೆ ತೊಡಿಸಿ ಮಲಗಿಸಿ. ಇದನ್ನೂ ವಾರದ ಮೇಲೆ ಇನ್ನೊಮ್ಮೆ ಮಾಡಬೇಕು.

ಮನೆಯಲ್ಲಿ ಹಳೆಯ ಕಜ್ಜಿ ಲೋಷನ್ ಬಾಟಲಿ ಇದ್ದರೆ ಹೆಸರು ನೋಡಿ. ಗಾಮಾ ಬೆಂಜೀನ್ ಅಥವಾ ಲಿಂಡೇನ್ ಎಂದಿದ್ದರೆ ಬಸುರಿಗೂ ಮಗುವಿಗೂ ಹಚ್ಚಲೇಬೇಡಿ. ಅದು ಚರ್ಮದಿಂದ ಒಳಗಿಳಿದು ನರಕ್ಕೆ ಹೊಡೆಯುತ್ತದೆ. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಹಚ್ಚುವ ಸಾಹಸವನ್ನೂ ನೋಡಿದ್ದೇನೆ. ಹುಳಕ್ಕಿಂತ ಮೊದಲು ಚರ್ಮ ಸುಡುತ್ತದೆ. ಬೇವಿನ ಸೊಪ್ಪಿನ ನೀರಲ್ಲಿ ಸ್ನಾನ ಮಾಡಿ, ಬೇಡ ಅನ್ನುವುದಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ಲಿವರ್ ವಿಷಯ. ಈ ಔಷಧಿಯನ್ನು ಕರಗಿಸುವುದು ಲಿವರ್ರೇ, ಹೊರಗೆ ಹೋಗುವುದು ಹೆಚ್ಚಾಗಿ ಮಲದಲ್ಲಿ. ರಕ್ತ ಪರೀಕ್ಷೆಯಲ್ಲಿ ಲಿವರ್ ಅಂಶ ಸ್ವಲ್ಪ ಏರಿದ್ದು ಕೆಲವರಲ್ಲಿ ಕಂಡಿದೆ. ಲಿವರ್ ಹಾಳಾಗುವುದು ತೀರಾ ಅಪರೂಪ. ಎರಡು ಡೋಸಿಗೆ ಹೆದರಬೇಕಾದ್ದಿಲ್ಲ. ಮೊದಲೇ ಕಾಮಾಲೆ, ಕುಡಿತದಿಂದ ಲಿವರ್ ತೊಂದರೆ ಇದ್ದವರು ಮಾತ್ರ ಹೇಳಿ ತಗೊಳ್ಳಬೇಕು. ಹೆಚ್ಚಿನವರಿಗೆ ಆಗುವುದು ತಲೆನೋವು, ಹೊಟ್ಟೆ ತೊಳಸುವುದು, ಸ್ವಲ್ಪ ತಲೆಸುತ್ತು, ಅಷ್ಟೇ. ಮೊದಲ ಎರಡು ಮೂರು ದಿನ ತುರಿಕೆ ಜಾಸ್ತಿಯೂ ಆಗಬಹುದು. ಅಮ್ಮನ ಬಗ್ಗೆ ನೀವು ಏನೂ ಬರೆದಿಲ್ಲ. ಬಿಪಿ, ಶುಗರ್ ಮಾತ್ರೆ ನಡೆಯುತ್ತಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೃದಯದ ಕವಾಟದ ಆಪರೇಷನ್ ಆಗಿ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು, ರಕ್ತ ಇನ್ನೂ ತೆಳುವಾಗುವ ಸಾಧ್ಯತೆ ಇದೆ. ಅಮ್ಮನ ಕೈ, ಮೊಣಕೈ ಮೇಲೆ ದಪ್ಪ ಹೊಪ್ಪಳೆ ಕಟ್ಟಿದ್ದರೆ ಅದನ್ನೂ ತೋರಿಸಿ. ಮಾಮೂಲಿ ಕಜ್ಜಿಯಲ್ಲಿ ಇಡೀ ಮೈಮೇಲೆ ಹತ್ತು ಹದಿನೈದು ಹುಳ ಇರುತ್ತವೆ ಅಷ್ಟೇ, ತುರಿಕೆ ನೋಡಿದರೆ ನಂಬಲಿಕ್ಕೇ ಆಗಲ್ಲ. ಹೊಪ್ಪಳೆ ಕಟ್ಟುವ ಬಗೆಯಲ್ಲಿ ಸಾವಿರಗಟ್ಟಲೆ. ವಯಸ್ಸಾದವರಲ್ಲಿ, ರೋಗ ತಡೆಯುವ ಶಕ್ತಿ ಕುಂದಿದವರಲ್ಲಿ ಹೀಗಾಗುತ್ತದೆ. ಅದಕ್ಕೆ ಎರಡು ಡೋಸು ಸಾಲದು.

ಔಷಧಿ ಮುಗಿದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಸತ್ತ ಹುಳ, ಅದರ ಹಿಕ್ಕೆ ಚರ್ಮದಲ್ಲೇ ಉಳಿದಿರುತ್ತವೆ, ಮೈ ಅದಕ್ಕೆ ಸಿಡುಕುತ್ತಿರುತ್ತದೆ. ಆಗ ನೀವೇ ಮೂರನೇ, ನಾಲ್ಕನೇ ಮಾತ್ರೆ ನುಂಗಬೇಡಿ. ತುರಿಕೆಗೆ ಬೇರೆ ಮಾತ್ರೆ ಕೊಡುತ್ತಾರೆ. ಹೊಸ ಗುಳ್ಳೆ, ಹೊಸ ಗೆರೆ ಏಳುತ್ತಿದ್ದರೆ ಮಾತ್ರ ಅದು ಬೇರೆ ಕತೆ. ಮೆಡಿಕಲ್ ಸ್ಟೋರಿನಲ್ಲಿ 'ತುರಿಕೆ ಟ್ಯೂಬ್ ಕೊಡಿ' ಎಂದರೆ ಸಿಗುವ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬು ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ಎರಡು ದಿನ ನಿಲ್ಲುತ್ತದೆ, ಹುಳ ಹಾಯಾಗಿ ಬೆಳೆಯುತ್ತದೆ, ಕಜ್ಜಿ ತನ್ನ ರೂಪವನ್ನೇ ಬದಲಿಸಿ ನಮ್ಮಂಥವರ ಕಣ್ಣಿಗೂ ಮಣ್ಣೆರಚುತ್ತದೆ. ನಮ್ಮ ಚಿತ್ರದುರ್ಗದ ಕಡೆ ಹುಳುಕಡ್ಡಿ ಹಟ ಹಿಡಿದು ಕೂತಿರುವುದಕ್ಕೂ ಈ ಟ್ಯೂಬುಗಳ ಪಾಲು ಸಣ್ಣದಲ್ಲ. ಅಂದಹಾಗೆ, ಹುಳುಕಡ್ಡಿ ಬೂಷ್ಟಿನಿಂದ ಬರುವುದು, ಅದಕ್ಕೆ ಐವರ್‌ಮೆಕ್ಟಿನ್ ಏನೂ ಮಾಡುವುದಿಲ್ಲ.

ನನ್ನನ್ನು ಕೇಳಿದರೆ, ಯಾವ ಔಷಧಿ ಅನ್ನುವುದಕ್ಕಿಂತ ಆರೂ ಜನ ಒಂದೇ ದಿನ ತಗೊಂಡಿರಾ ಅನ್ನುವುದು ದೊಡ್ಡ ಪ್ರಶ್ನೆ. ಕಜ್ಜಿ ಮೊದಲ ಸಲ ಬಂದಾಗ ಹುಳ ಹತ್ತಿದ ನಾಲ್ಕರಿಂದ ಆರು ವಾರದವರೆಗೆ ತುರಿಕೆಯೇ ಇರುವುದಿಲ್ಲ. ಅಷ್ಟು ದಿನ ಆ ಮನುಷ್ಯ ಬೇರೆಯವರಿಗೆ ಹಂಚುತ್ತಲೇ ಇರುತ್ತಾನೆ. 'ನಂಗೇನೂ ಇಲ್ಲ, ನಂಗ್ಯಾಕೆ ಮಾತ್ರೆ' ಎನ್ನುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಂದಲೇ ಎಲ್ಲರಿಗೂ ವಾಪಸ್ ಬರುತ್ತದೆ. ಫಿಜಿ ದ್ವೀಪಗಳಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು, ಫಲಿತಾಂಶ 2015ರಲ್ಲಿ ಹೊರಬಂತು. ಒಂದು ಕಡೆ ಕಜ್ಜಿ ಇದ್ದವರಿಗೂ ಅವರ ಮನೆಯವರಿಗೂ ಮುಲಾಮು ಕೊಟ್ಟರು. ಇನ್ನೊಂದು ಕಡೆ ಕಜ್ಜಿ ಇರಲಿ ಬಿಡಲಿ, ಊರಿಗೆ ಊರೇ ಐವರ್‌ಮೆಕ್ಟಿನ್ ನುಂಗಿತು, ಮಾತ್ರೆ ಆಗದವರಿಗೆ ಮುಲಾಮು. ಊರೆಲ್ಲ ನುಂಗಿದ ಕಡೆ ನೂರಕ್ಕೆ 32 ಜನರಿಗೆ ಇದ್ದ ಕಜ್ಜಿ ಒಂದು ವರ್ಷದಲ್ಲಿ ನೂರಕ್ಕೆ ಇಬ್ಬರಿಗೆ ಇಳಿಯಿತು. ಕಜ್ಜಿ ಇದ್ದವರ ಮನೆಗೆ ಮಾತ್ರ ಮುಲಾಮು ಕೊಟ್ಟ ಕಡೆ ಅರ್ಧಕ್ಕೆ ಇಳಿಯಿತು, ಅಷ್ಟೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಕಜ್ಜಿಗೂ ಐವರ್‌ಮೆಕ್ಟಿನ್ ಸೇರಿಸಿತು.

ಹಾಗಾಗಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಿಮ್ಮ ತಮ್ಮ ಕುರಿ ಮಂದೆಯ ಜೊತೆ ಹೊರಗಡೆ ಬೀಡು ಬಿಟ್ಟಿದ್ದರೆ ಅವರು ಮನೆಗೆ ಬರುವ ದಿನವೇ ಆಗಲಿ. ಅದೇ ರಾತ್ರಿ ಎಲ್ಲರೂ ಮಾತ್ರೆ ಅಥವಾ ಮುಲಾಮು. ಮಾರನೇ ಬೆಳಿಗ್ಗೆ ಹಿಂದಿನ ಮೂರು ದಿನ ಉಟ್ಟ, ಹೊದ್ದ, ಒರೆಸಿಕೊಂಡ ಬಟ್ಟೆಯೆಲ್ಲ ಬಿಸಿನೀರಿನಲ್ಲಿ ನೆನೆಸಿ ಒಗೆದು, ಕಾಯುವ ಬಿಸಿಲಿಗೆ ಹಾಕಿ. ಬಿಸಿಲಿಗೇನು ನಮ್ಮ ಕಡೆ ಬರವೇ? ಕಂಬಳಿಯನ್ನು ಕುದಿಯುವ ನೀರಿಗೆ ಹಾಕಿದರೆ ಕುಗ್ಗಿ ಹಾಳಾಗುತ್ತದೆ. ಅದನ್ನು ಕೊಡವಿ, ಶುಚಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಒಂದು ವಾರ ಮೂಲೆಗಿಡಿ. ಕಜ್ಜಿ ಹುಳ ಮನುಷ್ಯನ ಮೈ ಬಿಟ್ಟರೆ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಗೊಬ್ಬರದ ಚೀಲ ಬಳಸಬೇಡಿ. ಮನೆಗೆಲ್ಲ ಔಷಧಿ ಹೊಡೆಸುವ ಖರ್ಚು ದಂಡ.

ಕುರಿಯಿಂದ ಬಂತಾ? ಇಲ್ಲ. ನಿಮ್ಮ ಕತೆಯಲ್ಲೇ ಉತ್ತರ ಇದೆ, ಮಗಳು ಹಾಸ್ಟೆಲ್‌ನಿಂದ ತಂದಿದ್ದಾಳೆ. ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗುವುದು, ಟವೆಲ್ ಅದಲುಬದಲು, ಕೈ ಕೈ ಹಿಡಿದು ಕೂರುವುದು, ಇಷ್ಟು ಸಾಕು. ಅವಳನ್ನು ಬೈಯಬೇಡಿ, ಕೊಳಕಾಗಿದ್ದರೆ ಮಾತ್ರ ಬರುವ ಕಾಯಿಲೆ ಇದಲ್ಲ. ಮೇಕೆ, ನಾಯಿಗೂ ಕಜ್ಜಿ ಬರುತ್ತದೆ. ಅವುಗಳ ಹುಳ ನಮಗೆ ಹತ್ತಿದರೆ ಕೆಲವು ದಿನ ತುರಿಕೆ ಆಗಿ ಹೋಗುತ್ತದೆ, ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ರೊಪ್ಪದಲ್ಲಿ ಕಜ್ಜಿ ಹತ್ತಿದ ಕುರಿ ಇದ್ದರೆ ಪಶುವೈದ್ಯರಿಗೆ ತೋರಿಸಿ, ಅದಕ್ಕೆ ಆ ಬಾಟಲಿ ಬಳಸಿ. ಅಲ್ಲೂ ತೂಕ ನೋಡಿಯೇ ಕೊಡಬೇಕು. ಕಣ್ಣಳತೆಯಲ್ಲಿ ಕಮ್ಮಿ ಕಮ್ಮಿ ಕೊಟ್ಟು ಜಗತ್ತಿನ ಎಷ್ಟೋ ಕಡೆ ಕುರಿಯ ಹೊಟ್ಟೆ ಹುಳಗಳು ಈ ಔಷಧಿಗೆ ಬಗ್ಗದಂತಾಗಿವೆ. ಔಷಧಿ ಕೊಟ್ಟ ಕುರಿಯನ್ನು ಎಷ್ಟು ದಿನ ಕುಯ್ಯಬಾರದು ಎಂದು ಲೇಬಲ್ಲಿನಲ್ಲಿ ಬರೆದಿರುತ್ತದೆ. ಹಬ್ಬದ ಆಸೆಗೆ ಅದನ್ನು ಮೀರಬೇಡಿ.

ಕಜ್ಜಿ ಬಿಟ್ಟು ಇದರ ಬೇರೆ ಉಪಯೋಗ ಏನು ಎಂದರೆ, ಬರಿಗಾಲಲ್ಲಿ ಓಡಾಡುವಾಗ ಮಣ್ಣಿನಿಂದ ಚರ್ಮ ಕೊರೆದು ಒಳಗೆ ಹೋಗುವ ಸ್ಟ್ರಾಂಜಿಲಾಯ್ಡಿಸ್ ಎಂಬ ಕೂದಲೆಳೆಯಂಥ ಹುಳಕ್ಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ. ಆ ಹುಳ ವರ್ಷಗಟ್ಟಲೆ ಸದ್ದಿಲ್ಲದೆ ಕರುಳಲ್ಲಿರುತ್ತದೆ. ಆಸ್ತಮಾಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ಮೈಯೆಲ್ಲ ಹರಡಿ ಜೀವಕ್ಕೇ ಬರಬಹುದು. ಆನೆಕಾಲು ರೋಗದ ನಿವಾರಣೆಗೂ ಡಿಇಸಿ, ಆಲ್ಬೆಂಡಜೋಲ್ ಎಂಬ ಬೇರೆರಡು ಹುಳದ ಮಾತ್ರೆಗಳ ಜೊತೆ ಇದನ್ನು ಕೊಡುತ್ತಾರೆ. ನಮ್ಮ ದೇಶದಲ್ಲಿ ಈ ಮೂರು ಮಾತ್ರೆಯ ಪದ್ಧತಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಶಾಲೆಯಲ್ಲಿ ಫೆಬ್ರುವರಿ, ಆಗಸ್ಟ್‌ನಲ್ಲಿ ಚೀಪಿಸುವ ಜಂತುಹುಳದ ಮಾತ್ರೆ ಮಾತ್ರ ಇದಲ್ಲ. ಅದು ಆಲ್ಬೆಂಡಜೋಲ್, ಅದರಿಂದ ಕಜ್ಜಿ ಹೋಗುವುದಿಲ್ಲ.

ಆ ವಿಡಿಯೊ ಅಳಿಸಿಬಿಡಿ. 2020ರಲ್ಲಿ ಆಸ್ಟ್ರೇಲಿಯಾದ ಲ್ಯಾಬಿನಲ್ಲಿ ಗಾಜಿನ ತಟ್ಟೆಯಲ್ಲಿದ್ದ ಕೊರೊನಾ ವೈರಸ್ ಐವರ್‌ಮೆಕ್ಟಿನ್‌ಗೆ ಕುಗ್ಗಿದ್ದು ನಿಜ. ಅಲ್ಲಿ ಹಾಕಿದ ಪ್ರಮಾಣ ನಮ್ಮ ರಕ್ತದಲ್ಲಿ ಬರಬೇಕಾದರೆ ಮಾಮೂಲಿ ಡೋಸಿಗಿಂತ ಎಷ್ಟೋ ಪಟ್ಟು ನುಂಗಬೇಕು. ಆಮೇಲೆ ಬ್ರೆಜಿಲ್, ಅಮೆರಿಕಗಳಲ್ಲಿ ಸಾವಿರಾರು ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದಾಗ ಉಪಯೋಗ ಕಾಣಲಿಲ್ಲ. ಎರಡನೇ ಅಲೆಯಲ್ಲಿ ನಮ್ಮ ಡಾಕ್ಟರುಗಳೂ ಇದನ್ನು ಬರೆದದ್ದುಂಟು, ಆಗಿನ ಮಾರ್ಗಸೂಚಿಯಲ್ಲಿ ಇತ್ತು. 2021ರ ಸೆಪ್ಟೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅದನ್ನು ತೆಗೆಯಿತು. ಅದೇ ವರ್ಷ ಅಮೆರಿಕದಲ್ಲಿ ಜನ ಕುದುರೆಯ ಐವರ್‌ಮೆಕ್ಟಿನ್ ತಿಂದು ಆಸ್ಪತ್ರೆ ಸೇರಿ, ಅಲ್ಲಿನ ಔಷಧ ಇಲಾಖೆ 'ನೀವು ಕುದುರೆಯಲ್ಲ' ಎಂದು ಹೇಳಬೇಕಾಯಿತು. ಓದಿದವರೂ ನಿಮ್ಮ ತಮ್ಮನ ಹಾಗೇ ಯೋಚಿಸುತ್ತಾರೆ, ಬೇಜಾರು ಬೇಡ ಎನ್ನಿ ಅವರಿಗೆ. ಕ್ಯಾನ್ಸರ್ ಮಾತೂ ಲ್ಯಾಬಿನ ಜೀವಕೋಶ, ಇಲಿಗಳ ಮಟ್ಟದಲ್ಲೇ ಇದೆ. ಮನುಷ್ಯರಲ್ಲಿ ಗುಣವಾಗುತ್ತದೆ ಎನ್ನಲು ಪುರಾವೆ ಇಲ್ಲ. ಅದನ್ನು ನಂಬಿ ಕ್ಯಾನ್ಸರ್ ಚಿಕಿತ್ಸೆ ಬಿಟ್ಟರೆ ನಷ್ಟ ಯಾರಿಗೆ?

ಒಂದು ಎಚ್ಚರಿಕೆ ಇದೆ. ಕೆರೆದ ಜಾಗದಲ್ಲಿ ಕೀವು ತುಂಬಿದ್ದರೆ, ಜೇನು ಬಣ್ಣದ ಹೊಪ್ಪಳೆ ಕಟ್ಟಿದ್ದರೆ, ಅದಕ್ಕೆ ಬೇರೆ ಆ್ಯಂಟಿಬಯಾಟಿಕ್ ಬೇಕು. ಮಕ್ಕಳಲ್ಲಿ ಆ ಕೀವು ಹುಣ್ಣಾದ ಕೆಲವು ವಾರಕ್ಕೆ ಕಿಡ್ನಿಗೆ ಪೆಟ್ಟು ಬೀಳುವುದುಂಟು. ಬೆಳಿಗ್ಗೆ ಎದ್ದಾಗ ಮುಖ ಊದಿಕೊಂಡಿದ್ದರೆ, ಮೂತ್ರ ಟೀ ಬಣ್ಣಕ್ಕೆ ತಿರುಗಿದ್ದರೆ, ಮೂತ್ರ ಕಡಿಮೆಯಾದರೆ, ಅವತ್ತೇ ಮಗುವನ್ನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಮಕ್ಕಳ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ.

ಮಗಳು ಮೊದಲ ಡೋಸ್ ತಗೊಂಡ ಮಾರನೇ ದಿನವೇ ಶಾಲೆಗೆ ಹೋಗಬಹುದು. ಆದರೆ ಹಾಸ್ಟೆಲ್‌ಗೆ ಬಿಡುವ ಮುಂಚೆ ವಾರ್ಡನ್ನರಿಗೆ ಒಂದು ಫೋನ್ ಮಾಡಿ. ನಾಚಿಕೆ ಬೇಡ. ಅವಳ ಕೋಣೆಯಲ್ಲಿ ಇನ್ನೂ ನಾಲ್ಕು ಹುಡುಗಿಯರು ಕೆರೆದುಕೊಳ್ಳುತ್ತಿದ್ದರೆ ನಿಮ್ಮ ಆರು ಜನರ ಔಷಧಿ ನೀರಿಗೆ ಹಾಕಿದ ಹಾಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಹಾಸ್ಟೆಲ್‌ಗೇ ಕರೆಸಿ, ಎಲ್ಲ ಮಕ್ಕಳಿಗೂ ತೂಕ ನೋಡಿ, ಒಂದೇ ದಿನ ಔಷಧಿ ಕೊಡಿಸುವಂತೆ ಕೇಳಿ. ದೊಡ್ಡ ಹುಡುಗಿಯರು ಯಾರಾದರೂ ಮುಟ್ಟು ನಿಂತಿರುವುದನ್ನು ಹೇಳಲು ಸಂಕೋಚಪಡಬಹುದು, ಅದನ್ನು ಒಬ್ಬೊಬ್ಬರನ್ನೇ ಕರೆದು ಕೇಳಲು ನರ್ಸಮ್ಮನವರಿಗೆ ಹೇಳಿ. ಎರಡನೇ ಡೋಸಿನ ಹೊತ್ತಿಗೆ ಮಗಳು ಹಾಸ್ಟೆಲ್‌ನಲ್ಲೇ ಇರುತ್ತಾಳೆ. ಆ 6 ಮಿಲಿಗ್ರಾಂ ಮಾತ್ರೆಯನ್ನು ಅವಳ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬೇಡಿ. ಹೆಸರು, ತಾರೀಕು ಬರೆದ ಕವರಿನಲ್ಲಿ ವಾರ್ಡನ್ನರ ಕೈಗೇ ಕೊಡಿ.